ಕರಿಕುರಿಯವರು : ತುರ್ಕಮಾನರ ಒಂದು ಕುಲವೂ ದಕ್ಷಿಣಾಪಥವೂ

ನಮ್ಮ ಹಳಗನ್ನಡ ನಡುಗನ್ನಡ ಕಾವ್ಯಗಳಲ್ಲಿ, ಶಾಸನಗಳಲ್ಲಿ, ಕೈಫಿಯತ್ತುಗಳಲ್ಲಿ ‘ತುರುಕ’, ‘ತುರುಷ್ಕ’ ಎಂಬ ಶಬ್ದಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಮೂಲದಲ್ಲಿ ಇದು ಒಂದು ಜನಾಂಗದ ಹೆಸರು. ಕಾಲಕ್ರಮದಲ್ಲಿ ಉತ್ತರದಿಂದಲೋ ಸಮುದ್ರಮಾರ್ಗದಿಂದಲೋ ಬಂದ ಮುಸಲ್ಮಾನರೆಲ್ಲರಿಗೂ, ಅವರು ಅರಬರಾಗಲಿ ಪಾರಸಿಕರಾಗಲಿ ಅಬಿಸೀನಿಯದವರಾಗಲಿ, ಇದೊಂದೇ ಹೆಸರು ಸಂದಿತು. ಸಂಗೀತಶಾಸ್ತ್ರವೂ ಈ ಶಬ್ದವನ್ನು ಬಲ್ಲದು. ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದಲ್ಲಿ ತುರುಷ್ಕತೋಡಿ, ತುರುಷ್ಕಗೌಡ ಎಂಬ ಹೆಸರುಗಳಿವೆ. ಹೀಗೆ ಬಳಕೆಯ ವ್ಯಾಪ್ತಿ ಹಿಗ್ಗಿದಂತೆ ಶಬ್ದದ ಅರ್ಥ ತೆಳುವಾಯಿತು. ಅದರ ಹಿಂದೆ ನಿಂತಿದ್ದ ನಿಜವಾದ ಕುಲಗಳು, ಅವುಗಳ ಆಚಾರವಿಚಾರಗಳು, ಏಳುಬೀಳುಗಳು ನಮ್ಮ ಕಣ್ಣಿಗೆ ಮರೆಯಾದವು.

ಒಂದು ಶಬ್ದವನ್ನು ಅದರ ಮೂಲಾರ್ಥಕ್ಕೆ ಒಯ್ದು ನೋಡಿದಾಗ ಚರಿತ್ರೆ ಎಷ್ಟು ಬೇರೆಯಾಗಿ ತೋರುತ್ತದೆ ಎಂಬುದಕ್ಕೆ ಒಂದು ಕುಲದ ವೃತ್ತಾಂತವನ್ನು ಇಲ್ಲಿ ಪರಿಶೀಲಿಸಲಾಗಿದೆ. ಆ ಕುಲದ ಹೆಸರು ‘ಕಾರಾ-ಕೊಯುನ್ಲು’. ತುರ್ಕಿ ಭಾಷೆಯಲ್ಲಿ ‘ಕಾರಾ’ ಎಂದರೆ ಕಪ್ಪು. ‘ಕೊಯುನ್’ ಎಂದರೆ ಕುರಿ. ‘ಲು’ ಎಂಬುದು ‘ಉಳ್ಳವರು’ ಎಂಬರ್ಥದ ಪ್ರತ್ಯಯ. ಕನ್ನಡದಲ್ಲಿ ಹೇಳುವುದಾದರೆ ‘ಕರಿಕುರಿಯವರು’. ವಾನ್ ಸರೋವರದ ದಡದಲ್ಲಿ ಕುರಿ ಕಾಯುತ್ತಿದ್ದ ಈ ಜನರ ಕುಡಿಯೊಂದು ನಮ್ಮ ಬೀದರಿನ ಕೋಟೆಬಾಗಿಲನ್ನು ಹೊಕ್ಕು, ಮುಂದೆ ಗೋಲಕೊಂಡದಲ್ಲಿ ಸಿಂಹಾಸನವೇರಿ, ತೆಲುಗು ಕಾವ್ಯಗಳಿಗೆ ಕೃತಿಪತಿಯಾಯಿತೆಂಬುದು ಕಥೆಯಲ್ಲ, ಇತಿಹಾಸ.

ಓಗುಜ್ ಮೂಲ

ಮಧ್ಯ ಏಷ್ಯದ ಹುಲ್ಲುಗಾವಲುಗಳಲ್ಲಿ ಅಲೆಯುತ್ತಿದ್ದ ತುರ್ಕಿ ಜನಗಳಲ್ಲಿ ಓಗುಜರದು ದೊಡ್ಡ ಶಾಖೆ. ಇವರಲ್ಲಿ ಇಸ್ಲಾಂ ಮತವನ್ನು ಸ್ವೀಕರಿಸಿದವರನ್ನು ‘ತುರ್ಕಮಾನ’ರೆಂದು ಕರೆಯುವ ರೂಢಿ ಹತ್ತು ಹನ್ನೊಂದನೆಯ ಶತಮಾನಗಳಲ್ಲಿ ಬೆಳೆಯಿತು. ಹನ್ನೊಂದನೆಯ ಶತಮಾನದಲ್ಲಿ ಸೆಲ್ಜೂಕರೊಡನೆ ಇವರು ಇರಾನ್, ಇರಾಕ್, ಅನತೋಲಿಯಗಳಿಗೆ ಹರಡಿದರು. ಓಗುಜರಲ್ಲಿ ೨೪ ಕುಲಗಳಿದ್ದುವೆಂದು ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ರಶೀದುದ್ದೀನನೆಂಬ ಇತಿಹಾಸಕಾರ ಬರೆದಿಟ್ಟಿದ್ದಾನೆ. ಆತನಿಗಿಂತ ಹಿಂದಿನ ಮಹಮೂದ್ ಕಾಶ್ಗರಿ ಎಂಬ ನಿಘಂಟುಕಾರ ೨೨ ಕುಲಗಳನ್ನು ಹೆಸರಿಸಿದ್ದಾನೆ.

ರಶೀದುದ್ದೀನನ ಪಟ್ಟಿ ಸಂಸ್ಕೃತಿಯ ಅಧ್ಯಯನಕ್ಕೆ ಬಹು ಉಪಯುಕ್ತ. ಪ್ರತಿಯೊಂದು ಕುಲಕ್ಕೂ ಮೂರು ಗುರುತುಗಳಿದ್ದುವು. ಮೊದಲನೆಯದು ‘ತಮ್ಗಾ’, ಅಂದರೆ ಕುದುರೆ ಕುರಿಗಳ ಮೈಮೇಲೆ ಒತ್ತುವ ಮುದ್ರೆ. ಎರಡನೆಯದು ‘ಓಂಗುನ್’, ಆ ಕುಲಕ್ಕೆ ಪವಿತ್ರವಾದ ಬೇಟೆಯ ಪಕ್ಷಿ. ಆ ಪಕ್ಷಿಯನ್ನು ಕೊಲ್ಲುವಂತಿಲ್ಲ, ತಿನ್ನುವಂತಿಲ್ಲ. ಮೂರನೆಯದು ಸಮೂಹಭೋಜನದಲ್ಲಿ ಆ ಕುಲಕ್ಕೆ ಸಲ್ಲಬೇಕಾದ ಮಾಂಸದ ಭಾಗ. ಯಾರಿಗೆ ಯಾವ ಭಾಗ ಎಂಬುದು ಅವರ ಅಂತಸ್ತನ್ನು ನಿರ್ಣಯಿಸುತ್ತಿತ್ತು. ನಮ್ಮ ನಾಡಿನ ಅನೇಕ ಜನಾಂಗಗಳಲ್ಲಿ, ವಿಶೇಷವಾಗಿ ಹಾಲುಮತದವರಲ್ಲಿ, ಗಿಡ ಮರ ಪ್ರಾಣಿಗಳ ಹೆಸರಿನ ಬೆಡಗುಗಳಿರುವುದನ್ನೂ ಆಯಾ ಬೆಡಗಿನವರು ಆಯಾ ವಸ್ತುವನ್ನು ಪೂಜ್ಯಭಾವದಿಂದ ಕಾಣುವುದನ್ನೂ ಬಲ್ಲವರಿಗೆ ಇದು ಅಪರಿಚಿತವೆನಿಸದು. ಇವರಿಬ್ಬರಿಗೂ ಸಂಬಂಧವಿತ್ತೆಂದು ಇದರ ಅರ್ಥವಲ್ಲ. ಮಂದೆಯನ್ನು ನಂಬಿ ಬದುಕುವ ಜನ ತಮ್ಮ ಒಳಬಳಗವನ್ನು ಗುರುತಿಸಿಕೊಳ್ಳಲು ಎಲ್ಲೆಡೆಯಲ್ಲೂ ಸದೃಶವಾದ ಉಪಾಯಗಳನ್ನು ಕಂಡುಕೊಂಡಿರುವರೆಂಬುದಷ್ಟೇ ತಾತ್ಪರ್ಯ.

ಮಂದೆಯ ಪಂಚಾಂಗ

ಕಾರಾ-ಕೊಯುನ್ಲು ಎಂಬುದು ಒಂದೇ ರಕ್ತದ ಕುಲವಲ್ಲ. ಹಲವು ಕುಲಗಳ ಒಕ್ಕೂಟ. ಇದರ ಮುಂದಾಳು ಮನೆತನಕ್ಕೆ ಬಹಾರ್‌ಲು ಎಂದು ಹೆಸರು. ಹದಿನಾಲ್ಕನೆಯ ಶತಮಾನದಲ್ಲಿ ಇವರ ನೆಲೆ ವಾನ್ ಸರೋವರದ ಉತ್ತರದ ಅರ್ಜೀಷ್ ಪ್ರದೇಶ. ಕುರಿಗಳ ಬಣ್ಣದಿಂದ ಹೆಸರು ಬಂದಿತೆಂದು ಕೆಲವರೂ, ಕುಲಚಿಹ್ನೆಯಿಂದ ಬಂದಿತೆಂದು ಮತ್ತೆ ಕೆಲವರೂ ಅಭಿಪ್ರಾಯಪಡುತ್ತಾರೆ. ಇವರ ಪ್ರತಿಸ್ಪರ್ಧಿಗಳಾದ ‘ಆಕ್-ಕೊಯುನ್ಲು’ಗಳು, ಅಂದರೆ ಬಿಳಿಕುರಿಯವರು, ಇವರಿಗೆ ಪಶ್ಚಿಮದಲ್ಲಿ ದಿಯಾರ್‌ಬಕ್ರ್ ಸೀಮೆಯಲ್ಲಿದ್ದರು.

ಇವರ ವರ್ಷಚಕ್ರ ಮಂದೆಯ ವರ್ಷಚಕ್ರವೇ. ಬೇಸಗೆಯಲ್ಲಿ ಬೆಟ್ಟದ ಮೇಲಿನ ಹುಲ್ಲುಗಾವಲು, ಅದು ‘ಯೈಲಾಕ್’. ಚಳಿಗಾಲದಲ್ಲಿ ತಗ್ಗಿನ ಬೆಚ್ಚನೆಯ ಬಯಲು, ಅದು ‘ಕಿಷ್ಲಾಕ್’. ಉಣ್ಣೆಯನ್ನು ತೊಯ್ಸಿ ತುಳಿದು ಮಾಡಿದ ದಪ್ಪ ಕಂಬಳಿಯ ಡೇರೆ ಅವರ ಮನೆ. ಮೊಸರು, ಗಿಣ್ಣು, ಕುರಿಮಾಂಸ ಆಹಾರ. ಹೆಂಗಸರು ನೇಯ್ದ ಜಮಖಾನೆಗಳೇ ಮನೆಯ ಸಂಪತ್ತು. ಕುದುರೆಯ ಮೇಲೆ ಕುಳಿತು ಬಿಲ್ಲೆಸೆಯುವುದು ಗಂಡುಮಕ್ಕಳಿಗೆ ಬಾಲ್ಯದಲ್ಲೇ ಬರುವ ವಿದ್ಯೆ. ಹೀಗಾಗಿ ಕುರಿಗಾಹಿಗಳ ಪಾಳೆಯವೇ ಬೇಕಾದಾಗ ಸೈನ್ಯವಾಗುತ್ತಿತ್ತು.

ಅವರ ಸತ್ತವರ ಸ್ಮಾರಕಗಳೂ ಗಮನಾರ್ಹ. ಪೂರ್ವ ಅನತೋಲಿಯ, ಅಜರ್‌ಬೈಜಾನ್, ಆರ್ಮೇನಿಯಗಳಲ್ಲಿ ಟಗರಿನ ಆಕಾರದಲ್ಲಿ ಕಡೆದ ಗೋರಿಗಲ್ಲುಗಳು ದೊರೆತಿವೆ. ಕೆಲವುಗಳ ಪಕ್ಕೆಯ ಮೇಲೆ ಬಿಲ್ಲು, ಕತ್ತಿ, ಕುದುರೆ ಸವಾರರ ಚಿತ್ರಗಳಿವೆ. ಇವನ್ನು ವಿದ್ವಾಂಸರು ಈ ಎರಡು ಕುರಿಕುಲಗಳ ಕಾಲಕ್ಕೆ ಸಂಬಂಧಿಸುತ್ತಾರೆ. ಊರ ಹೊರಗಿನ ವೀರಗಲ್ಲುಗಳ ನಡುವೆ ಬೆಳೆದ ನಮಗೆ, ಮಡಿದ ವೀರನ ಆಯುಧವನ್ನೂ ವಾಹನವನ್ನೂ ಕಲ್ಲಿನಲ್ಲಿ ನಿಲ್ಲಿಸುವ ಈ ಪದ್ಧತಿಯ ಹಿಂದಿನ ಮನಸ್ಸು ಸುಲಭವಾಗಿ ಅರ್ಥವಾಗುತ್ತದೆ.

ರಾಜ್ಯದ ಉದಯ ಮತ್ತು ಪತನ

ಬೈರಾಮ್ ಖ್ವಾಜಾ ಎಂಬಾತ ಬಾಗ್ದಾದಿನ ಜಲಾಯಿರ್ ಅರಸರ ಅಧೀನದಲ್ಲಿ ಒಕ್ಕೂಟವನ್ನು ಬಲಪಡಿಸಿ ೧೩೮೦ರಲ್ಲಿ ತೀರಿಕೊಂಡನು. ಈ ವಂಶದ ಕೀರ್ತಿಗೆ ಕಾರಣನಾದವನು ಕಾರಾ ಯೂಸುಫ್. ೧೩೯೮ರಲ್ಲಿ ದೆಹಲಿಯನ್ನು ಸೂರೆಮಾಡಿದ ತೈಮೂರನೇ ಇವನಿಗೂ ವೈರಿ. ಅವನಿಗೆ ಸೋತು, ಆಟೊಮನ್ ಸುಲ್ತಾನನ ಆಶ್ರಯಕ್ಕೆ ಹೋಗಿ, ಕಡೆಗೆ ದಮಾಸ್ಕಸ್ಸಿನಲ್ಲಿ ಸೆರೆಯಾಳಾಗಿದ್ದ ಯೂಸುಫ್, ೧೪೦೫ರಲ್ಲಿ ತೈಮೂರ ಸತ್ತ ನಂತರ ಬಿಡುಗಡೆಗೊಂಡು ತನ್ನ ಜನರನ್ನು ಮತ್ತೆ ಕೂಡಿಸಿದನು. ೧೪೦೮ರಲ್ಲಿ ತಬ್ರೀಜ್ ಬಳಿಯ ಕಾಳಗದಲ್ಲಿ ತೈಮೂರನ ಮಗ ಮೀರಾನ್ ಷಾ ಹತನಾದನು. ಎರಡು ವರ್ಷಗಳಲ್ಲಿ ಜಲಾಯಿರ್ ಅರಸನೂ ಅಳಿದು ಅಜರ್‌ಬೈಜಾನವೂ ಬಾಗ್ದಾದೂ ಕರಿಕುರಿಯವರ ವಶವಾದವು.

ಯೂಸುಫನ ಮಗ ಜಹಾನ್ ಷಾಹನ ಆಳ್ವಿಕೆ (೧೪೩೮-೧೪೬೭) ಈ ಕುಲದ ಉನ್ನತಿಯ ಕಾಲ. ಡೇರೆಯಲ್ಲಿ ಹುಟ್ಟಿ ಬೆಳೆದವರ ದೊರೆ ತಬ್ರೀಜ್ ನಗರದಲ್ಲಿ ನೀಲಿ ಹೆಂಚಿನ ಮಸೀದಿಯನ್ನು ಕಟ್ಟಿಸಿದನು. ೧೪೬೫ರ ಆ ಕಟ್ಟಡ ಭೂಕಂಪಕ್ಕೆ ಸಿಕ್ಕಿ ಕುಸಿದು, ಇಪ್ಪತ್ತನೆಯ ಶತಮಾನದಲ್ಲಿ ಜೀರ್ಣೋದ್ಧಾರಗೊಂಡು ಇಂದಿಗೂ ನಿಂತಿದೆ. ಅವನು ‘ಹಕೀಕಿ’ ಎಂಬ ಅಂಕಿತದಲ್ಲಿ ಪಾರಸಿಯಲ್ಲೂ ತುರ್ಕಿಯಲ್ಲೂ ಕವಿತೆ ಬರೆದನು. ಅವನ ನಾಣ್ಯಗಳಲ್ಲಿ ಒಂದು ಮುಖದಲ್ಲಿ ಅಲಿಯನ್ನು ಸ್ಮರಿಸುವ ಷಿಯಾ ವಾಕ್ಯವೂ ಮತ್ತೊಂದು ಮುಖದಲ್ಲಿ ಸುನ್ನಿಗಳು ಮನ್ನಿಸುವ ನಾಲ್ವರು ಖಲೀಫರ ಹೆಸರೂ ಇರುವುದುಂಟು.

ಆದರೆ ಈ ರಾಜ್ಯದ ಬುಡದಲ್ಲೇ ಎರಡು ದೌರ್ಬಲ್ಯಗಳಿದ್ದುವು. ಒಂದು, ಉತ್ತರಾಧಿಕಾರದ ನಿಯಮವಿಲ್ಲದಿರುವುದು. ರಾಜ್ಯ ಇಡೀ ಮನೆತನದ ಆಸ್ತಿ, ಬಲವುಳ್ಳವನೇ ವಾರಸುದಾರ. ೧೪೨೦ರಲ್ಲಿ ಕಾರಾ ಯೂಸುಫ್ ದಂಡಯಾತ್ರೆಯ ನಡುವೆ ಸತ್ತಾಗ ಪಾಳೆಯವೇ ಚದುರಿ ಅವನ ಶವವನ್ನು ನೋಡಿಕೊಳ್ಳುವವರಿಲ್ಲದಂತಾಯಿತು. ಎರಡನೆಯದು ಮಂದೆಯ ಪಂಚಾಂಗ. ೧೪೬೭ರಲ್ಲಿ ಜಹಾನ್ ಷಾಹನು ಬಿಳಿಕುರಿಯವರ ನಾಯಕ ಉಜೂನ್ ಹಸನನ ಮೇಲೆ ದಂಡೆತ್ತಿ ಹೋದನು. ಚಳಿಗಾಲ ಹತ್ತಿರವಾಗಲು ಸೈನ್ಯದ ಬಹುಭಾಗವನ್ನು ಕಿಷ್ಲಾಕುಗಳಿಗೆ ಕಳುಹಿಸಿ ತಾನು ಸ್ವಲ್ಪ ಜನರೊಡನೆ ಹಿಂದುಳಿದನು. ನವೆಂಬರಿನಲ್ಲಿ ಉಜೂನ್ ಹಸನನು ಅನಿರೀಕ್ಷಿತವಾಗಿ ಮೇಲೆಬಿದ್ದು ಅವನನ್ನು ಕೊಂದನು. ಯಾವ ವರ್ಷಚಕ್ರ ಈ ಕುಲವನ್ನು ಶತಮಾನಗಳ ಕಾಲ ಸಲಹಿತ್ತೋ ಅದೇ ಅದರ ಅರಸನನ್ನು ಶತ್ರುವಿಗೆ ಒಪ್ಪಿಸಿತು. ಎರಡು ವರ್ಷಗಳೊಳಗೆ ರಾಜ್ಯ ಉಳಿಯಲಿಲ್ಲ.

ಬೀದರಿನ ಹಾದಿ

ಸೋತ ಕುಲದವರು ನಾನಾ ಕಡೆ ಹಂಚಿಹೋದರು. ಇರಾನಿನ ಹಮದಾನ್ ಸೀಮೆ ಬಹಾರ್‌ಲು ಮನೆತನದ ಹಳೆಯ ಜಹಗೀರು. ಅಲ್ಲಿಂದ ಸುಲ್ತಾನ್ ಕುಲಿ ಎಂಬ ತರುಣ ತನ್ನ ತಂದೆಯ ಸೋದರನೊಡನೆ ಹೊರಟು ಬೀದರನ್ನು ಸೇರಿದನು. ಬಿಳಿಕುರಿಯವರ ಆಳ್ವಿಕೆಯಲ್ಲಿ ಹಳೆಯ ರಾಜವಂಶದ ಗಂಡುಕುಡಿಗೆ ಪ್ರಾಣಭಯವಿತ್ತೆಂದು ಗೋಲಕೊಂಡದ ಆಸ್ಥಾನದಲ್ಲಿ ರಚಿತವಾದ ಚರಿತ್ರೆ ಹೇಳುತ್ತದೆ.

ಅಷ್ಟು ದೂರದ ಬೀದರೇ ಏಕೆ? ಬಹಮನಿ ಅರಸರು ಗುಲಬರ್ಗದಿಂದ ಬೀದರಿಗೆ ರಾಜಧಾನಿಯನ್ನು ಬದಲಿಸಿದ ಮೇಲೆ ಅದು ಹೊರನಾಡಿನ ಪ್ರತಿಭೆಗೆ ತೆರೆದ ಬಾಗಿಲಾಗಿತ್ತು. ಅಹಮದ್ ಷಾಹನು ಕಿರ್ಮಾನಿನ ಸೂಫಿ ಸಂತ ನಿಮತುಲ್ಲಾನ ಸಂತತಿಯವರನ್ನು ಬರಮಾಡಿಕೊಂಡನು. ಗೀಲಾನಿನಿಂದ ಬಂದ ಮಹಮೂದ್ ಗವಾನ್ ಮಂತ್ರಿಯಾಗಿ ೧೪೭೨ರಲ್ಲಿ ಮದರಸಾ ಕಟ್ಟಿಸಿದನು. ತಬ್ರೀಜಿನ ನೀಲಿ ಮಸೀದಿಗೂ ಬೀದರಿನ ಮದರಸಾಕ್ಕೂ ಏಳೇ ವರ್ಷಗಳ ಅಂತರ. ಎರಡರ ಗೋಡೆಗಳಲ್ಲೂ ಬಣ್ಣದ ಹೆಂಚಿನ ಅಲಂಕಾರವಿದೆ. ಬೀದರಿಗೆ ಬಂದಿಳಿದ ತುರ್ಕಮಾನನಿಗೆ ಆ ಗೋಡೆ ಅಪರಿಚಿತವೆನಿಸಿರಲಾರದು. ಹೀಗೆ ಬಂದವರನ್ನು ‘ಆಫಾಕಿ’ಗಳೆಂದೂ ಹಿಂದೆಯೇ ಇಲ್ಲಿ ನೆಲೆನಿಂತವರನ್ನು ‘ದಖನಿ’ಗಳೆಂದೂ ಕರೆಯುತ್ತಿದ್ದರು. ಇವರಿಬ್ಬರ ಕಲಹದಲ್ಲೇ ೧೪೮೧ರಲ್ಲಿ ಗವಾನನ ತಲೆ ಉರುಳಿತು, ರಾಜ್ಯವೂ ಒಡೆಯಿತು.

ಅದೇ ಬೀದರು ಮತ್ತೊಂದು ಬಗೆಯ ಬಾಳ್ವೆಯನ್ನೂ ಕಂಡಿತ್ತೆಂಬುದನ್ನು ನಮ್ಮ ವಾಚಕರು ನೆನೆಯಬೇಕು. ಬೀದರಿನ ಹೊರವಲಯದ ಅಷ್ಟೂರಿನಲ್ಲಿ ಅಹಮದ್ ಷಾಹನ ಗೋರಿಯಿದೆ. ಜನರು ಅವನನ್ನು ‘ವಲಿ’ ಎಂದು ಕರೆದರು. ಹಿಂದೂ ಭಕ್ತರು ಅಲ್ಲಮಪ್ರಭುವಿನ ಅಂಶವೆಂದು ಭಾವಿಸಿದರು. ಅಲ್ಲಿ ನಡೆಯುವ ಉರುಸಿಗೆ ಕಲಬುರಗಿ ಪ್ರಾಂತದ ಮಡಿಯಾಳದ ಜಂಗಮರು ಪರಿವಾರದೊಡನೆ ಬಂದು ಸೇವೆ ಸಲ್ಲಿಸುವ ಸಂಪ್ರದಾಯವಿದೆ. ಕಲ್ಯಾಣದ ನೆರೆಯ ಈ ನೆಲದಲ್ಲಿ ಹೊರಗಿನಿಂದ ಬಂದವರ ಮನೆತನವೊಂದು ಮೂರು ತಲೆಮಾರುಗಳೊಳಗೆ ಶರಣರ ಹೆಸರಿನೊಡನೆ ಬೆರೆಯಿತು. ಸುಲ್ತಾನ್ ಕುಲಿ ಬಂದು ಸೇರಿದ್ದು ಇಂಥ ಊರಿಗೆ.

ವಂಶಾವಳಿಯ ಪರೀಕ್ಷೆ

ರಾಜ್ಯ ಸ್ಥಾಪಿಸಿದವರೆಲ್ಲ ತಮ್ಮ ವಂಶವನ್ನು ದೊಡ್ಡದೆಂದು ಹೇಳಿಕೊಳ್ಳುವುದು ಸಹಜ. ಆದ್ದರಿಂದ ಸುಲ್ತಾನ್ ಕುಲಿ ಕಾರಾ ಯೂಸುಫನ ವಂಶಜನೆಂಬ ಮಾತನ್ನು ಪರೀಕ್ಷಿಸದೆ ಒಪ್ಪಲಾಗದು. ಗೋಲಕೊಂಡದ ಚರಿತ್ರೆ ರಚಿತವಾದುದು ೧೬೧೭ರ ಸುಮಾರಿಗೆ, ಅಂದರೆ ಮೂಲಪುರುಷನ ಮರಣಾನಂತರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳಿಗೆ. ೧೯೫೫ರಲ್ಲಿ ಮಿನೋರ್ಸ್ಕಿ ಎಂಬ ಪ್ರಾಚ್ಯವಿದ್ವಾಂಸರು ಈ ವಂಶಾವಳಿಯನ್ನು ಇರಾನಿನ ಆಕರಗಳೊಡನೆ ಹೋಲಿಸಿ ನೋಡಿದರು. ಹಮದಾನಿನ ಉತ್ತರಕ್ಕೆ ‘ಬಹಾರ್’ ಎಂಬ ಊರಿರುವುದೂ ಆ ಸೀಮೆ ಬಹಾರ್‌ಲು ನಾಯಕರ ಕೈಯಲ್ಲಿದ್ದುದೂ ಸುಲ್ತಾನ್ ಕುಲಿಯ ಹುಟ್ಟೂರು ಹಮದಾನಿನ ಆಸುಪಾಸಿನದೇ ಆಗಿರುವುದೂ ಪರಸ್ಪರ ಹೊಂದುತ್ತವೆ. ವಂಶಾವಳಿಯ ಒಂದೊಂದು ಹೆಸರಿನ ಮಾತು ಹೇಗೇ ಇರಲಿ, ಕುಲದ ವಿಷಯದಲ್ಲಿ ಸಂಶಯಕ್ಕೆ ಎಡೆ ಕಡಿಮೆ.

ಬಿಜಾಪುರದ ಮೂಲಪುರುಷ ಯೂಸುಫ್ ಆದಿಲ್ ಖಾನನ ವಿಷಯವನ್ನು ಇದರೊಡನೆ ಹೋಲಿಸಬಹುದು. ಅವನು ಆಟೊಮನ್ ಸುಲ್ತಾನನ ಮಗನೆಂದೂ ಬಾಲ್ಯದಲ್ಲಿ ಕೊಲೆಯಿಂದ ಪಾರಾಗಿ ಬಂದನೆಂದೂ ಫಿರಿಸ್ತಾ ರಮ್ಯವಾಗಿ ವರ್ಣಿಸುತ್ತಾನೆ. ಅದೇ ಕಾಲದ ರಫೀಉದ್ದೀನ್ ಷಿರಾಜಿಯಾದರೋ ಅವನನ್ನು ಇರಾನಿನ ಸಾವಾ ಪಟ್ಟಣದ, ಬಿಳಿಕುರಿಯವರಿಗೆ ಸಂಬಂಧಿಸಿದ ಆಡಳಿತಗಾರನ ಮನೆಯವನೆಂದು ಹೇಳುತ್ತಾನೆ. ಯೂಸುಫನಿಗೆ ‘ಸವಾಯಿ’ ಎಂಬ ಹೆಸರಿತ್ತು. ಗೋವೆಗೆ ಬಂದ ಪೋರ್ಚುಗೀಸರು ಅವನನ್ನು ‘ಸಬಾಯೊ’ ಎಂದೇ ಬರೆದರು. ಊರಿನ ಹೆಸರು ಶತ್ರುಗಳ ಬಾಯಲ್ಲೂ ಉಳಿದಿರುವುದು ರಾಜಕುಮಾರನ ಕಥೆಗಿಂತ ಬಲವಾದ ಸಾಕ್ಷ್ಯ. ಇದನ್ನು ಒಪ್ಪುವುದಾದರೆ ಇರಾನಿನಲ್ಲಿ ಪರಸ್ಪರ ಕತ್ತಿ ಮಸೆದ ಕರಿಕುರಿ ಬಿಳಿಕುರಿಗಳ ಕುಡಿಗಳೆರಡೂ ಬೀದರಿನ ಒಂದೇ ದರ್ಬಾರಿನಲ್ಲಿ ಸೇವಕರಾಗಿದ್ದು, ದಖನ್ನಿನ ಎರಡು ನೆರೆರಾಜ್ಯಗಳಿಗೆ ಮೂಲವಾದುವೆಂದು ತಿಳಿಯಬೇಕಾಗುತ್ತದೆ.

ಕುರಿಕುಲದಿಂದ ಕೃತಿಪತಿತ್ವಕ್ಕೆ

ಮಹಮೂದ್ ಷಾ ಬಹಮನಿಯ ಸೇವೆಯಲ್ಲಿ ಮೇಲೇರಿದ ಸುಲ್ತಾನ್ ಕುಲಿ ‘ಕುತ್ಬ್-ಉಲ್-ಮುಲ್ಕ್’ ಎಂಬ ಬಿರುದನ್ನು ಪಡೆದು ೧೪೯೬ರ ಹೊತ್ತಿಗೆ ತೆಲಂಗಾಣದ ಅಧಿಪತಿಯಾದನು. ಒಡೆಯರು ದುರ್ಬಲರಾದಾಗಲೂ ಅವನು ಅವರ ಹೆಸರನ್ನು ಅಳಿಸಲಿಲ್ಲ. ೧೫೧೮ರಲ್ಲಿ ಗೋಲಕೊಂಡದಲ್ಲಿ ಕಟ್ಟಿಸಿದ ಜಾಮಿ ಮಸೀದಿಯ ಶಾಸನದಲ್ಲಿ ಮಹಮೂದ್ ಷಾಹನೇ ಪ್ರಭು. ಅವನ ಗೋರಿಯ ಶಾಸನ ಅವನನ್ನು ಸುಲ್ತಾನನೆನ್ನದೆ ‘ಬಡೇ ಮಲಿಕ್’ ಎನ್ನುತ್ತದೆ. ಆದರೆ ಕುಲದ ಹಳೆಯ ಶಾಪ ಬಿಡಲಿಲ್ಲ. ೧೫೪೩ರಲ್ಲಿ ವೃದ್ಧನಾದ ಅವನನ್ನು ಮಗ ಜಂಷೀದನೇ ಕೊಲ್ಲಿಸಿದನು.

ಅಣ್ಣನಿಗೆ ಹೆದರಿ ತಮ್ಮ ಇಬ್ರಾಹಿಂ ಓಡಿಹೋದುದು ವಿಜಯನಗರಕ್ಕೆ. ಅಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ಅವನು ಏಳು ವರ್ಷ ಕಳೆದನು. ೧೫೫೦ರಲ್ಲಿ ಅರಸನಾದ ಇಬ್ರಾಹಿಮನು ತೆಲುಗು ಕವಿಗಳಿಗೆ ಆಶ್ರಯದಾತನಾದನು. ತೆಲುಗರು ಅವನನ್ನು ‘ಮಲ್ಕಿಭರಾಮ’ನೆಂದು ತಮ್ಮ ನುಡಿಗೆ ಒಗ್ಗಿಸಿಕೊಂಡರು. ಅದ್ದಂಕಿ ಗಂಗಾಧರ ಕವಿಯ ‘ತಪತೀ ಸಂವರಣೋಪಾಖ್ಯಾನ’ ಅವನಿಗೇ ಅಂಕಿತ. ಸಂಸ್ಕೃತ ಬೆರೆಯದ ಅಚ್ಚ ತೆಲುಗಿನ ಮೊದಲ ಕಾವ್ಯವೆನಿಸಿದ ಪೊನ್ನಿಕಂಟಿ ತೆಲಗನಾರ್ಯನ ‘ಯಯಾತಿ ಚರಿತ್ರ’ ಅವನ ಅಧಿಕಾರಿ ಅಮೀನ್ ಖಾನನಿಗೆ ಅಂಕಿತ. ಅದೇ ಇಬ್ರಾಹಿಮನು ೧೫೬೫ರಲ್ಲಿ ರಕ್ಕಸತಂಗಡಿ ಯುದ್ಧದಲ್ಲಿ ತನಗೆ ಅನ್ನವಿಟ್ಟ ರಾಮರಾಯನ ವಿರುದ್ಧ ನಿಂತ ಸುಲ್ತಾನರಲ್ಲಿ ಒಬ್ಬನಾಗಿದ್ದನೆಂಬುದನ್ನೂ ಮರೆಮಾಚಬಾರದು. ನುಡಿಯ ಪ್ರೀತಿ ರಾಜಕೀಯದ ಲೆಕ್ಕಾಚಾರವನ್ನು ತಡೆಯಲಿಲ್ಲ. ರಾಜಕೀಯದ ದ್ವೇಷವೂ ನುಡಿಯ ಪ್ರೀತಿಯನ್ನು ಅಳಿಸಲಿಲ್ಲ. ಎರಡನ್ನೂ ಒಟ್ಟಿಗೆ ಹೇಳಿದಾಗಲೇ ಚರಿತ್ರೆ ಪೂರ್ಣವಾದೀತು.

ಇಬ್ರಾಹಿಮನ ಮಗ ಮುಹಮ್ಮದ್ ಕುಲಿ ೧೫೯೧ರಲ್ಲಿ ಹೈದರಾಬಾದಿಗೆ ಅಡಿಗಲ್ಲಿಟ್ಟನು. ಅವನು ಕವಿ, ಅವನ ಮುಖ್ಯ ಕಾವ್ಯಭಾಷೆ ತಾತನ ತುರ್ಕಿಯಲ್ಲ, ದಖನಿ. ಮಳೆಗಾಲ, ವಸಂತೋತ್ಸವ, ಈ ನಾಡಿನ ಹಣ್ಣು ಹೂವುಗಳು ಅವನ ವಸ್ತು. ಅವನ ದಖನಿಯಲ್ಲಿ ತೆಲುಗು ಶಬ್ದಗಳೂ ಬೆರೆತಿವೆ.

ಇದೇ ಕುಲದ ಮತ್ತೊಂದು ಕವಲು ಉತ್ತರಕ್ಕೆ ಹೋಯಿತು. ಅಕ್ಬರನ ಬಾಲ್ಯದಲ್ಲಿ ರಾಜ್ಯಭಾರ ನಡೆಸಿ ೧೫೬೧ರಲ್ಲಿ ಹತನಾದ ಬೈರಾಮ್ ಖಾನನೂ ಬಹಾರ್‌ಲು ತುರ್ಕಮಾನನೇ. ಅವನ ಮಗ ಅಬ್ದುಲ್ ರಹೀಮ್ ಖಾನ್‌ಖಾನಾ (೧೫೫೬-೧೬೨೭) ಬಾಬರನ ಆತ್ಮಕಥೆಯನ್ನು ತುರ್ಕಿಯಿಂದ ಪಾರಸಿಗೆ ಅನುವಾದಿಸುವಷ್ಟು ಪೂರ್ವಿಕರ ನುಡಿಯನ್ನು ಬಲ್ಲವನು. ಆದರೂ ಜನ ಅವನನ್ನು ನೆನೆಯುವುದು ಹಿಂದೀ ದೋಹೆಗಳ ‘ರಹೀಮ’ನೆಂದು. ಒಂದೇ ಕುಲದ ಎರಡು ಕವಲುಗಳು ತಾವು ಸೇರಿದ ನೆಲದ ನುಡಿಯನ್ನು ಒಪ್ಪಿಕೊಂಡವು.

ಉಳಿದುದೇನು?

೧೬೮೬ರಲ್ಲಿ ಬಿಜಾಪುರವೂ ೧೬೮೭ರಲ್ಲಿ ಗೋಲಕೊಂಡವೂ ಔರಂಗಜೇಬನ ಪಾಲಾದವು. ಎರಡು ಶತಮಾನಗಳ ಅವಧಿಯಲ್ಲಿ ಕರಿಕುರಿಯವರ ಈ ಕವಲು ಮಂದೆ, ಡೇರೆ, ಯೈಲಾಕುಗಳನ್ನು ಬಿಟ್ಟಿತು, ತಾಯ್ನುಡಿಯನ್ನೂ ಬಿಟ್ಟಿತು. ಹೆಸರಿನಲ್ಲಿ ಮಾತ್ರ ಒಂದು ತುರ್ಕಿ ಶಬ್ದ ತಲೆಮಾರುಗಳವರೆಗೆ ಉಳಿಯಿತು. ‘ಕುಲಿ’ ಎಂಬುದರ ಮೂಲ ತುರ್ಕಿಯ ‘ಕುಲ್’, ಅಂದರೆ ದಾಸ. ಮುಹಮ್ಮದ್ ಕುಲಿ ಎಂದರೆ ಮುಹಮ್ಮದರ ದಾಸ. ದೇವರ ಅಥವಾ ಹಿರಿಯರ ಹೆಸರಿಗೆ ದಾಸಶಬ್ದ ಸೇರಿಸಿ ಹೆಸರಿಡುವ ನಮಗೆ ಇದರ ಭಾವ ಹೊಸದಲ್ಲ.

ಅವರು ಬಿಡದೆ ಕಾದುಕೊಂಡುದು ಅಲಿಯ ಮನೆತನದ ಭಕ್ತಿ. ಬಿಜಾಪುರ ಗೋಲಕೊಂಡಗಳ ಅರಸರ ಪೋಷಣೆಯಿಂದ ಮೊಹರಮಿನ ಅಲಮುಗಳ ಆಚರಣೆ ದಖನ್ನಿನಲ್ಲಿ ಬೇರೂರಿತು. ಇಂದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ, ಮುಸಲ್ಮಾನರ ಮನೆಗಳಿಲ್ಲದ ಕೆಲವು ಊರುಗಳಲ್ಲಿಯೂ, ಪಂಜಾ ಕೂರಿಸಿ, ಅಲಾವಿ ಕುಣಿದು, ರಿವಾಯತ್ ಪದಗಳನ್ನು ಹಾಡುವ ಒಕ್ಕಲುಮಕ್ಕಳಿಗೆ ವಾನ್ ಸರೋವರದ ಹೆಸರು ತಿಳಿಯದು. ಆದರೆ ಆ ಹಾಡುಗಳು ಕನ್ನಡದಲ್ಲಿವೆ.

ನಮ್ಮ ಮಲೆನಾಡಿನವರಿಗೆ ಈ ಚರಿತ್ರೆ ತಲುಪಿದುದು ಯುದ್ಧದ ರೂಪದಲ್ಲಿ. ೧೬೩೭ರ ಸುಮಾರಿಗೆ ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ವೀರಭದ್ರನಾಯಕನ ಇಕ್ಕೇರಿಯ ಮೇಲೆ ದಾಳಿಯಿಟ್ಟನು. ಆ ನೆನಪಿನಲ್ಲಿ ‘ತುರುಕ’ ಎಂಬ ಶಬ್ದಕ್ಕೆ ದಂಡಿನ ಧೂಳು ಅಂಟಿಕೊಂಡಿರುವುದು ಸಹಜ. ಆ ನೋವೂ ಸುಳ್ಳಲ್ಲ. ಆದರೆ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವನ್ನೋ ಹಳೆಯ ಶಾಸನವನ್ನೋ ಓದುತ್ತಿರುವ ಸಾಹಿತ್ಯ ವಿದ್ಯಾರ್ಥಿ ಆ ಶಬ್ದ ಎದುರಾದಾಗ ಅಲ್ಲಿಗೆ ನಿಲ್ಲಬಾರದು. ಈ ತುರುಕನು ಯಾರು, ಯಾವ ಕುಲದವನು, ಯಾವ ಸೀಮೆಯಿಂದ ಬಂದನು, ಬಂದವನು ಇಲ್ಲಿ ಏನಾದನು ಎಂದು ಕೇಳಬೇಕು. ೧೪೩೯ರಲ್ಲಿ ಹಂಪೆಯಲ್ಲಿ ಅಹಮದ್ ಖಾನನೆಂಬ ಅಧಿಕಾರಿ ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಮಸೀದಿಯನ್ನು ಕನ್ನಡ ಶಾಸನ ‘ಧರ್ಮಸಾಲೆ’ ಎಂದು ಕರೆದಿದೆ. ಆ ಶಾಸನ ಬರೆಯಿಸಿದವರು ಅನ್ಯರ ಕಟ್ಟಡಕ್ಕೆ ತಮ್ಮ ನುಡಿಯಲ್ಲಿ ತಕ್ಕ ಹೆಸರನ್ನು ಹುಡುಕಿದರು. ಕುಲಗಳ ವಿಷಯದಲ್ಲಿ ಅಷ್ಟೇ ಎಚ್ಚರವನ್ನು ನಾವು ತೋರಿದರೆ ನಮ್ಮ ಚರಿತ್ರೆ ನಮಗೆ ಇನ್ನಷ್ಟು ಸ್ಪಷ್ಟವಾಗಿ ಕಂಡೀತು.